ಪ್ರಾಜೆಕ್ಟಿಗೆ ಹೊರಟ ಮಗಳು, ಪೆಟ್ಟಿಗೆ ಕಟ್ಟುವ ಅಮ್ಮ

ರಾತ್ರಿ ಊಟಕ್ಕೆ ತಟ್ಟೆ ಹಾಕ್ತಾ ಇದ್ದೀರಿ. ಎಂ.ಪ್ಲಾನ್ ಓದುತ್ತಿರುವ ಮಗಳು ಬಂದು, 'ಅಮ್ಮಾ, ಲಾಸ್ಟ್ ಸೆಮಿಸ್ಟರ್ ಪ್ರಾಜೆಕ್ಟ್ ನೆದರ್‌ಲೆಂಡ್ಸಲ್ಲಿ ಮಾಡ್ತೀನಿ, ಅಲ್ಲಿನ ಗೈಡ್ ಒಪ್ಪಿದ್ದಾರೆ' ಅಂತಾಳೆ. ಕೈಲಿದ್ದ ಸೌಟು ಅಲ್ಲೇ ನಿಲ್ಲುತ್ತೆ. ಅಲ್ಲಿ ನಮ್ಮೋರು ಯಾರಿದ್ದಾರೆ? ದುಡ್ಡೆಷ್ಟು? ಮುಂದಿನ ತಿಂಗಳು ನೋಡೋಕೆ ಬರ್ತೀವಿ ಅಂದಿರೋ ಹುಡುಗನ ಕಡೆಯವರಿಗೆ ಏನು ಹೇಳೋದು? ಮೂರೂ ಪ್ರಶ್ನೆ ಒಟ್ಟಿಗೇ ನುಗ್ಗಿ ಬರುತ್ತವೆ. 'ಯಾವ ವಿಷಯದ ಮೇಲೆ ಪ್ರಾಜೆಕ್ಟು?' ಅಂತ ಕೇಳೋದು ಮಾತ್ರ ಮರೆತೇ ಹೋಗುತ್ತೆ.

ನನಗೂ ಹಾಗೇ ಆಗಿತ್ತು. ಮಗಳೇ ಹೇಳಿದ್ಲು, ಭೂ ಬಳಕೆ ಅಧ್ಯಯನ ಅಂತ. ನಮ್ಮ ಯಜಮಾನರು ಪೇಪರ್ ಮಡಚಿಟ್ಟು, 'ಭೂಮಿ ಬಳಸೋದಕ್ಕೂ ಓದಬೇಕಾ? ಅದಕ್ಕೆ ಫಾರಿನ್ನಿಗೆ ಬೇರೆ ಹೋಗಬೇಕಾ?' ಅಂದ್ರು. ನಿಮ್ಮ ಮನೆಯಲ್ಲೂ ಈ ಮಾತು ಬಂದೇ ಬರುತ್ತೆ. ಅದಕ್ಕೇ ಮೊದಲು ಇದನ್ನೇ ಬಿಡಿಸಿ ಹೇಳ್ತೀನಿ.

ನೀವು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ್ದೀರಿ ತಾನೆ? ಅದು ಧರ್ಮಾಂಬುಧಿ ಕೆರೆ ಇದ್ದ ಜಾಗ. ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಇದ್ದದ್ದು ಬಸ್ ನಿಲ್ದಾಣ ಆಯ್ತು, ತೋಟ ಇದ್ದದ್ದು ಲೇಔಟ್ ಆಯ್ತು, ಗದ್ದೆ ಇದ್ದದ್ದು ಅಪಾರ್ಟ್‌ಮೆಂಟ್ ಆಯ್ತು. ಯಾವ ನೆಲ ಯಾವುದಕ್ಕೆ ಬಳಕೆಯಾಗ್ತಿದೆ, ಯಾಕೆ ಬದಲಾಯ್ತು, ಬದಲಾಯಿಸಿದವರು ಯಾರು, ಅದರಿಂದ ಯಾರ ಮನೆಗೆ ನೀರು ನುಗ್ಗಿತು ಅಂತ ಲೆಕ್ಕ ಹಾಕೋದೇ ಈ ಓದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಕೋಟಿ ಬೆಲೆಯ ಮನೆಯವರೂ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದದ್ದನ್ನು ಟಿವಿಯಲ್ಲಿ ನೋಡಿದಿರಲ್ಲ, ಅದು ಮಳೆಯ ಕಥೆ ಮಾತ್ರ ಅಲ್ಲ, ನೆಲದ ಕಥೆಯೂ ಹೌದು.

ಈ ಮಕ್ಕಳಿಗೆ ಉಪಗ್ರಹದ ಚಿತ್ರಗಳೇ ಪಠ್ಯಪುಸ್ತಕ. ಅಮೆರಿಕದ ಲ್ಯಾಂಡ್‌ಸ್ಯಾಟ್ 1972ರಿಂದ ಮೇಲಿನಿಂದ ಫೋಟೊ ತೆಗೀತಾ ಬಂದಿದೆ, 2008ರಿಂದ ಆ ಚಿತ್ರಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಐವತ್ತು ವರ್ಷದ ಹಿಂದಿನದನ್ನೂ ಮೊನ್ನೆಯದನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ಆದರೆ ಚಿತ್ರದಲ್ಲಿ ಹಸಿರು ಕಂಡರೆ ಸಾಲದು. ಅದು ಕಾಡೋ, ಕಾಫಿ ತೋಟವೋ, ಗಾಲ್ಫ್ ಮೈದಾನವೋ ಅಂತ ನೆಲಕ್ಕೆ ಹೋಗಿ, ಜನರನ್ನು ಕೇಳಿಯೇ ತಿಳೀಬೇಕು. ಮಗಳು ಊರೂರು ತಿರುಗೋದು ಇದಕ್ಕೇ, ಸುಮ್ಮನೆ ಟೂರಿಗೆ ಅಲ್ಲ.

ಸರಿ, ಅದಕ್ಕೆ ನೆದರ್‌ಲೆಂಡ್ಸೇ ಯಾಕೆ ಅಂತೀರಾ? ಆ ದೇಶದ ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1932ರಲ್ಲಿ 32 ಕಿಲೋಮೀಟರ್ ಉದ್ದದ ಕಟ್ಟೆ ಹಾಕಿ ಕಡಲಿನ ಒಂದು ತೋಳನ್ನೇ ಮುಚ್ಚಿಬಿಟ್ಟರು. ಒಳಗಿನ ನೀರನ್ನು ತುಂಡು ತುಂಡಾಗಿ ಪಂಪ್ ಮಾಡಿ ತೆಗೆದು ಹೊಲ, ಊರು ಮಾಡಿದರು. 1986ರಲ್ಲಿ ಫ್ಲೆವೊಲ್ಯಾಂಡ್ ಅನ್ನೋ ಹೊಸ ಪ್ರಾಂತ್ಯವೇ ಆಯ್ತು. ಒಂದೊಂದು ಎಕರೆಯನ್ನೂ ನೀರಿನಿಂದ ಕಿತ್ತುಕೊಂಡ ಜನ, ಯಾವ ಎಕರೆ ಯಾವುದಕ್ಕೆ ಅಂತ ಹಠ ಹಿಡಿದು ಕೂತು ಯೋಚಿಸ್ತಾರೆ. ನಮಗೂ ಅವರಿಗೂ ಈ ವಿಷಯದಲ್ಲಿ ಹಳೇ ನಂಟಿದೆ. ಡೆಹ್ರಾಡೂನ್‌ನ ಐಐಆರ್‌ಎಸ್ ಸಂಸ್ಥೆ 1966ರಲ್ಲಿ ಶುರುವಾದದ್ದು ನೆದರ್‌ಲೆಂಡ್ಸಿನ ಐಟಿಸಿ ಸಂಸ್ಥೆಯ ಸಹಕಾರದಿಂದ. ಆ ಐಟಿಸಿ ಈಗ ಎನ್‌ಶೆಡೆ ಊರಿನಲ್ಲಿ ಟ್ವೆಂಟೆ ವಿಶ್ವವಿದ್ಯಾಲಯದ ಭಾಗ.

ನನ್ನ ಮಗಳು ಆರಿಸಿಕೊಂಡದ್ದು ನದಿಗೆ ಜಾಗ ಬಿಟ್ಟುಕೊಟ್ಟ ಕಥೆ. 1995ರಲ್ಲಿ ಅಲ್ಲಿನ ನದಿಗಳು ಉಕ್ಕಿ, ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಟ್ಟು ಹೋಗಬೇಕಾಯ್ತು. ಆಮೇಲೆ ಸರ್ಕಾರ, 'ಕಟ್ಟೆ ಎತ್ತರಿಸಿದ್ದು ಸಾಕು, ಇನ್ನು ನದಿಗೇ ಜಾಗ ಕೊಡೋಣ' ಅಂತ 30ಕ್ಕೂ ಹೆಚ್ಚು ಕಡೆ ಕೆಲಸ ಕೈಗೆತ್ತಿಕೊಂಡಿತು. ನೈಮೇಗನ್ ನಗರದ ಹತ್ತಿರ ಕಟ್ಟೆಯನ್ನೇ ಸುಮಾರು 350 ಮೀಟರ್ ಹಿಂದಕ್ಕೆ ಸರಿಸಿದರು. ಅದಕ್ಕಾಗಿ ಸುಮಾರು 50 ಮನೆ ತೆಗೀಬೇಕಾಯ್ತು. ಆ ಮನೆಯವರನ್ನು ಹೇಗೆ ಒಪ್ಪಿಸಿದರು? ಒಪ್ಪದವರ ಗತಿ ಏನಾಯ್ತು? ಇನ್ನೊಂದು ಕಡೆ ಕೆಲವು ರೈತರು ತಮ್ಮ ಮನೆ, ಕೊಟ್ಟಿಗೆಗಳನ್ನು ಮಣ್ಣಿನ ದಿಬ್ಬದ ಮೇಲೆ ಹೊಸದಾಗಿ ಕಟ್ಟಿಕೊಂಡು, ಪ್ರವಾಹ ಬಂದಾಗ ಹೊಲ ಮುಳುಗೋಕೆ ಬಿಡ್ತಾರೆ. ಅವರಿಗೆ ಇದು ನಿಜಕ್ಕೂ ಇಷ್ಟವಿತ್ತಾ? ಇದನ್ನೆಲ್ಲ ಅವರ ಬಾಯಿಂದಲೇ ಕೇಳೋದು ಅವಳ ಪ್ರಾಜೆಕ್ಟು. ನಮ್ಮ ರಾಜಕಾಲುವೆಗಳ ಪಕ್ಕ ಮನೆ ಕಟ್ಟಿಕೊಂಡವರ ಕಥೆ ಗೊತ್ತಿರೋ ನನಗೆ, ಇಷ್ಟು ಕೇಳಿದ ಮೇಲೆ 'ಬೇಡ' ಅನ್ನೋಕೆ ಬಾಯಿ ಬರಲಿಲ್ಲ.

840 ಗಂಟೆಯ ಲೆಕ್ಕ

ಈಗ ಮುಖ್ಯ ವಿಷಯ. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಅಂದರೆ 30 ಕ್ರೆಡಿಟ್. ನೆದರ್‌ಲೆಂಡ್ಸಿನಲ್ಲಿ ಒಂದು ಕ್ರೆಡಿಟ್‌ಗೆ 28 ಗಂಟೆ ಕೆಲಸ ಅಂತ ಲೆಕ್ಕ. ಗುಣಿಸಿ ನೋಡಿ, 840 ಗಂಟೆ. ವಾರಕ್ಕೆ 40 ಗಂಟೆ ಬಿಡದೆ ದುಡಿದರೂ 21 ವಾರ ಬೇಕು. ಆರು ತಿಂಗಳಿಗೆ 26 ವಾರ. ಮನೆ ಹುಡುಕಾಟ, ಕಾಗದಪತ್ರ, ಒಂದು ಜ್ವರ, ಒಂದಿಷ್ಟು ಊರು ನೋಡೋದು... ಉಳಿದ ಐದು ವಾರ ಇಷ್ಟರಲ್ಲೇ ಕರಗಿ ಹೋಗುತ್ತೆ. ಈ ಲೆಕ್ಕವನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ನಾನು ಮಾಡಿದ ಎರಡು ತಪ್ಪು ಮಾಡ್ತಿರಲಿಲ್ಲ. ಆ ಕಥೆಗೆ ಆಮೇಲೆ ಬರ್ತೀನಿ.

ಹೊರಡೋ ಮುಂಚೆ ಮಗಳ ಹತ್ತಿರ ಒಂದು ಕಾಗದ ಇದೆಯಾ ಕೇಳಿ. ಅಲ್ಲಿ ಮಾಡೋ ಕೆಲಸವನ್ನು ಇಲ್ಲಿನ ಕಾಲೇಜು ಕೊನೇ ಸೆಮಿಸ್ಟರ್ ಅಂತ ಒಪ್ಪಿಕೊಳ್ಳುತ್ತೆ, ಇಷ್ಟು ಕ್ರೆಡಿಟ್ ಕೊಡುತ್ತೆ ಅಂತ ಇಲ್ಲಿನ ಗೈಡ್, ಅಲ್ಲಿನ ಗೈಡ್ ಇಬ್ಬರೂ ಸಹಿ ಹಾಕಿದ ಒಪ್ಪಂದ ಅದು. 'ಸರ್ ಬಾಯಲ್ಲಿ ಹೇಳಿದ್ದಾರೆ' ಅಂದರೆ ಒಪ್ಪಬೇಡಿ. ಸರ್ ರಜೆ ಹಾಕಬಹುದು, ಬೇರೆ ಕಾಲೇಜಿಗೆ ಹೋಗಬಹುದು. ಸಹಿ ಎಲ್ಲಿಗೂ ಹೋಗಲ್ಲ.

ಎರಡು ವಿಶ್ವವಿದ್ಯಾಲಯಗಳ ನಡುವೆ ವಿನಿಮಯ ಒಪ್ಪಂದ ಇದ್ದರೆ ಅಲ್ಲಿ ಫೀಸು ಕಟ್ಟೋದು ಬೇಡ, ಇಲ್ಲಿಯದನ್ನು ಕಟ್ಟಿದರೆ ಸಾಕು. ಎರಾಸ್ಮಸ್ ಪ್ಲಸ್ ಅನ್ನೋ ಯುರೋಪಿನ ಯೋಜನೆಯಲ್ಲಿ ಕಾಲೇಜು ಸೇರಿದ್ದರೆ ಪ್ರಯಾಣಕ್ಕೂ ತಿಂಗಳ ಖರ್ಚಿಗೂ ನೆರವು ಸಿಗುವ ಅವಕಾಶ ಇದೆ. ಸಾಲದ ಅರ್ಜಿ ಬರೆಯೋ ಮುಂಚೆ ಇದನ್ನು ಕೇಳಲಿ. ಮೂರು ತಿಂಗಳಿಗಿಂತ ಹೆಚ್ಚು ಇರೋದಕ್ಕೆ ಪ್ರವಾಸಿ ವೀಸಾ ಆಗಲ್ಲ. ಪ್ರವೇಶದ ವೀಸಾ, ವಾಸದ ಪರವಾನಗಿ ಎರಡಕ್ಕೂ ಅಲ್ಲಿನ ವಿಶ್ವವಿದ್ಯಾಲಯವೇ ಅರ್ಜಿ ಹಾಕುತ್ತೆ. ಖರ್ಚಿಗೆ ದುಡ್ಡಿದೆ ಅಂತ ಮಾತ್ರ ನಾವು ತೋರಿಸಬೇಕು.

ಅಮ್ಮಂದಿರ ಕೈಯಲ್ಲಿರೋ ಕಾಗದ ಒಂದಿದೆ, ಜನನ ಪ್ರಮಾಣಪತ್ರ. ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಅಲ್ಲಿನ ಪುರಸಭೆಯಲ್ಲಿ ಹೆಸರು ನೋಂದಾಯಿಸಬೇಕು, ಆಗ ಇದನ್ನು ಕೇಳ್ತಾರೆ. ಬೀರುವಿನಿಂದ ತೆಗೆದು ನೋಡಿದರೆ ನಮ್ಮದರಲ್ಲಿ ಹೆಸರೇ ಇರಲಿಲ್ಲ, 'ಹೆಣ್ಣು' ಅಂತಷ್ಟೇ ಇತ್ತು! ಹೆಸರು ಸೇರಿಸಿ, ಇಂಗ್ಲಿಷ್ ಪ್ರತಿ ತೆಗೆಸಿ, ವಿದೇಶಾಂಗ ಇಲಾಖೆಯ ಅಪಾಸ್ಟಿಲ್ ಮುದ್ರೆ ಹಾಕಿಸೋಕೆ ವಾರಗಟ್ಟಲೆ ಓಡಾಟ. ನೀವು ಇವತ್ತೇ ತೆಗೆದು ನೋಡಿಬಿಡಿ.

ಇನ್ನು ರೂಮು. ಅಲ್ಲಿ ವಿದ್ಯಾರ್ಥಿಗಳಿಗೆ ರೂಮು ಸಿಗೋದು ಎಷ್ಟು ಕಷ್ಟ ಅಂದರೆ, 2022ರಲ್ಲಿ ಕೆಲವು ವಿಶ್ವವಿದ್ಯಾಲಯಗಳೇ 'ರೂಮು ಗೊತ್ತಾಗದೆ ಬರಬೇಡಿ' ಅಂತ ಹೊರದೇಶದ ಮಕ್ಕಳಿಗೆ ಹೇಳಿದವು. ಈ ಪರದಾಟವನ್ನೇ ಬಂಡವಾಳ ಮಾಡಿಕೊಂಡ ಮೋಸಗಾರರೂ ಇದ್ದಾರೆ. ಚೆಂದದ ಫೋಟೊ ಕಳಿಸಿ, 'ಕೀ ಕೊರಿಯರ್ ಮಾಡ್ತೀನಿ, ಅಡ್ವಾನ್ಸ್ ಹಾಕಿ' ಅಂತಾರೆ. ವಿಶ್ವವಿದ್ಯಾಲಯದ ವಸತಿ ಕಚೇರಿ ತೋರಿಸಿದ ಜಾಗ ಬಿಟ್ಟು ಬೇರೆ ಕಡೆಗೆ, ಕರಾರು ನೋಡದೆ ಒಂದು ರೂಪಾಯಿಯೂ ಕಳಿಸಬೇಡಿ. ಅಡುಗೆಮನೆ ಏಳೆಂಟು ಜನಕ್ಕೆ ಒಂದೇ ಇರಬಹುದು, ಹುಡುಗರೂ ಹುಡುಗಿಯರೂ ಒಂದೇ ಮಹಡಿಯಲ್ಲಿ ಇರಬಹುದು. ಇದನ್ನು ಅತ್ತೆಯವರಿಗೆ ಹೇಳೋದೋ ಬಿಡೋದೋ ನಿಮಗೆ ಬಿಟ್ಟದ್ದು. ನಾನು ಹೇಳಲಿಲ್ಲ.

ಪೆಟ್ಟಿಗೆ ವಿಷಯಕ್ಕೆ ಬಂದರೆ ನಮಗೆಲ್ಲ ಉತ್ಸಾಹ ಜಾಸ್ತಿ. ಆದರೆ ಹೊರಗಿನಿಂದ ಬರುವವರು ಮಾಂಸ, ಹಾಲಿನ ಪದಾರ್ಥ ತರಬಾರದು ಅಂತ ಯುರೋಪಿನ ಕಾನೂನು. ಅಂದರೆ ತುಪ್ಪದ ಡಬ್ಬಿ, ಪೇಡ ಇಡೋ ಹಾಗಿಲ್ಲ. ಹಸಿ ಕರಿಬೇವು, ಹಸಿಮೆಣಸಿನಕಾಯಿಯೂ ಇಲ್ಲ, ಅದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ. ತಮಾಷೆ ನೋಡಿ, ತೆಂಗಿನಕಾಯಿ, ಬಾಳೆಹಣ್ಣಿಗೆ ಮಾತ್ರ ಆ ಪ್ರಮಾಣಪತ್ರ ಬೇಡ! ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಒಣಗಿಸಿದ ಕರಿಬೇವು ಇಡಿ. ಬೇಳೆ, ಅಕ್ಕಿ ಅಲ್ಲಿನ ಅಂಗಡಿಯಲ್ಲೇ ಸಿಗುತ್ತೆ. ಹೇಗ್ ನಗರದಲ್ಲಂತೂ ಸುರಿನಾಮಿನಿಂದ ಬಂದ ಭಾರತ ಮೂಲದವರು ಬಹಳ, ರೊಟ್ಟಿ ಅಂಗಡಿಗಳೇ ಇವೆ. ಒಂದು ಕುಕ್ಕರ್, ಒಂದು ಒಗ್ಗರಣೆ ಸೌಟು, ಮಳೆ ಕೋಟು ಮರೀಬೇಡಿ. ಛತ್ರಿ ಬೇಡ, ಆ ಗಾಳಿಗೆ ನಿಲ್ಲಲ್ಲ.

ಇನ್ನೊಂದು. ಹೋದ ಮೇಲೆ ಟಿಬಿ ಪರೀಕ್ಷೆಗೆ ಕರೀತಾರೆ. ನನ್ನ ಮಗಳು ಫೋನಿನಲ್ಲಿ ಹಾಗಂದಾಗ ನನ್ನ ಎದೆ ಧಸಕ್ ಅಂತು. ಏನೂ ಇಲ್ಲ, ನಮ್ಮ ದೇಶದಿಂದ ಹೋಗಿ ವಾಸದ ಪರವಾನಗಿ ತಗೊಳ್ಳೋರಿಗೆಲ್ಲ ಅದೊಂದು ನಿಯಮ. ಜ್ವರ ಬಂದರೆ ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗೋ ಪದ್ಧತಿ ಅಲ್ಲಿಲ್ಲ, ಮೊದಲು ಮನೆವೈದ್ಯರನ್ನು ಕಾಣಬೇಕು. ಅವರು ಮುಕ್ಕಾಲು ಪಾಲು ಪ್ಯಾರಾಸಿಟಮಾಲ್ ತಗೊಂಡು ಮಲ್ಕೋ ಅಂತಲೇ ಕಳಿಸೋದು.

'ನಿನ್ನ ಪ್ರಶ್ನೆ ಏನು?'

ಫೆಬ್ರವರಿಯಲ್ಲಿ ಹೋದವಳು ಒಂದು ತಿಂಗಳಿಗೇ ಅತ್ತುಕೊಂಡು ಫೋನ್ ಮಾಡಿದ್ಲು. ಅವರಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಮಾರ್ಚ್ ಕೊನೇ ಭಾನುವಾರದಿಂದ ಮೂರೂವರೆ. ನಮ್ಮ ಮಧ್ಯರಾತ್ರಿ ಅದು. ಇಪ್ಪತ್ತು ಪುಟ ಬರೆದು ಕೊಟ್ಟಿದ್ದಳಂತೆ. ಅಲ್ಲಿನ ಗೈಡ್ ಎಲ್ಲರೆದುರು 'ಇದರಲ್ಲಿ ನಿನ್ನ ಪ್ರಶ್ನೆ ಏನು ಅಂತಲೇ ಗೊತ್ತಾಗ್ತಿಲ್ಲ' ಅಂದರಂತೆ. ನಾನು ತಾಯಿ ಕರುಳಲ್ಲಿ, 'ಬಂದುಬಿಡು ಪುಟ್ಟಿ, ಇಲ್ಲೇ ಮಾಡಿದರಾಯ್ತು' ಅಂದುಬಿಟ್ಟೆ. ಬಹಳ ತಪ್ಪು ಮಾತು.

ಅಲ್ಲಿಯವರ ರೀತಿಯೇ ಹಾಗೆ. ಗೈಡನ್ನು ಹೆಸರು ಹಿಡಿದು ಕರೀತಾರೆ, ಅವರೂ ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅಂತ ಮುಖಕ್ಕೇ ಹೇಳ್ತಾರೆ, ಆಮೇಲೆ ಕಾಫಿ ಕುಡಿಯೋಕೆ ಕರೀತಾರೆ. ಅದು ಬೈಗುಳ ಅಲ್ಲ. ನಮ್ಮಲ್ಲಿ ಗುರುಗಳ ಮುಂದೆ ಸುಮ್ಮನೆ ತಲೆಯಾಡಿಸಿದರೆ ವಿನಯ. ಅಲ್ಲಿ ಸುಮ್ಮನಿದ್ದರೆ 'ಈ ಹುಡುಗಿ ಓದಿಕೊಂಡು ಬಂದಿಲ್ಲ' ಅಂದ್ಕೋತಾರೆ. ಹೀಗಾಗಿ ಮಗಳು ಅತ್ತರೆ ಸಮಾಧಾನ ಮಾಡಿ, ಆದರೆ 'ನಾಳೆ ಹೋಗಿ ಅವರನ್ನೇ ಕೇಳು' ಅನ್ನಿ. ನನ್ನ ಮಗಳು ನನ್ನ ಮಾತು ಕೇಳದೆ ಹಾಗೇ ಮಾಡಿದ್ಲು. ಇಪ್ಪತ್ತು ಪುಟ ಎರಡು ಪುಟ ಆಯ್ತು, ಪ್ರಶ್ನೆ ಒಂದೇ ಸಾಲಿಗೆ ಬಂತು: ಜಾಗ ಬಿಟ್ಟುಕೊಟ್ಟವರು ಮಾತುಕತೆಗೆ ಕೂತದ್ದು ನಕ್ಷೆ ಬರೆಯೋ ಮುಂಚೆಯೋ, ಬರೆದ ಮೇಲೋ?

ಏಪ್ರಿಲ್‌ನಲ್ಲಿ ನಮ್ಮಣ್ಣನ ಮಗನ ಮದುವೆ. ಹತ್ತು ದಿನಕ್ಕೆ ಬಂದು ಹೋಗು ಅಂತ ಕೂತೆ. ಅವಳಿಗೆ ಅದೇ ವಾರ ಇಬ್ಬರು ರೈತರು ಮಾತಾಡೋಕೆ ದಿನ ಕೊಟ್ಟಿದ್ದರು. ಅಲ್ಲಿ ಎಲ್ಲರೂ ಡೈರಿ ನೋಡಿ ದಿನ ಕೊಡೋರು, ತಪ್ಪಿದರೆ ಇನ್ನೊಮ್ಮೆ ಸಿಗೋದು ಕಷ್ಟ. ಬರಲ್ಲ ಅಂದ್ಲು. ನಾನು ನಾಲ್ಕು ದಿನ ಫೋನ್ ಎತ್ತಲಿಲ್ಲ. ಒಬ್ಬಳೇ ಹುಡುಗಿ, ಹೊರದೇಶ, ಅಮ್ಮ ಫೋನ್ ಎತ್ತಲ್ಲ... ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ. ಇದು ನನ್ನ ಮೊದಲ ತಪ್ಪು.

ವಾಪಸ್ ಬಂದ ಮೇಲೆ

ಜುಲೈ ಕೊನೆಗೆ ಬಂದ್ಲು. ಬಂದಾಯ್ತಲ್ಲ, ಮುಗೀತು ಅಂದ್ಕೊಂಡೆ. ನೀವೂ ಹಾಗೇ ಅಂದ್ಕೋತೀರಿ. ಮುಗಿದಿರೋದು ಅಲ್ಲಿನ ವಾಸ ಮಾತ್ರ. ಇಲ್ಲಿನ ಕಾಲೇಜಿಗೆ ಅವರದೇ ನಮೂನೆಯಲ್ಲಿ ಪ್ರಬಂಧ ತಿದ್ದಿ ಬರೀಬೇಕು, ಅಲ್ಲಿಂದ ಅಂಕಪಟ್ಟಿ ಬರಬೇಕು, ಇಲ್ಲಿ ಸಲ್ಲಿಸಬೇಕು, ವೈವಾ ಆಗಬೇಕು. ಅವಳಿಗೆ ಎರಡು ಅಧ್ಯಾಯ ಬಾಕಿ ಇತ್ತು. ಜತೆಗೆ ಇನ್ನೊಂದು ಪೇಚು. ಅವಧಿ ಮುಗಿದ ಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಲಾಗಿನ್ ಬಂದ್ ಆಯ್ತು, ನಕ್ಷೆ ಮಾಡ್ತಿದ್ದ ಸಾಫ್ಟ್‌ವೇರೂ ಅದರ ಜತೆಗೇ ಹೋಯ್ತು. ಕ್ಯೂಜಿಐಎಸ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ನಕ್ಷೆಗಳನ್ನೆಲ್ಲ ಮತ್ತೆ ಕೂಡಿಸಬೇಕಾಯ್ತು. ಜನರ ಜತೆಗಿನ ಮಾತಿನ ರೆಕಾರ್ಡಿಂಗ್‌ಗಳನ್ನೂ ಮನಸ್ಸಿಗೆ ಬಂದ ಹಾಗೆ ಪೆನ್‌ಡ್ರೈವ್‌ಗೆ ಹಾಕಿ ತರೋ ಹಾಗಿಲ್ಲ. 2018ರಿಂದ ಯುರೋಪಿನಲ್ಲಿ ಖಾಸಗಿ ಮಾಹಿತಿಯ ಕಾನೂನು ಬಿಗಿ. ಯಾವುದನ್ನು ತರಬಹುದು, ಹೇಗೆ ತರಬಹುದು ಅಂತ ಗೈಡ್ ಹತ್ತಿರ ಹೊರಡೋ ತಿಂಗಳ ಮುಂಚೆಯೇ ಬರೆಸಿಕೊಂಡರೆ ಈ ತಾಪತ್ರಯ ಇಲ್ಲ.

ಇಷ್ಟೆಲ್ಲ ಅವಳ ತಲೆ ಮೇಲಿದ್ದಾಗ ನಾನೇನು ಮಾಡಿದೆ? ಬಂದ ಮೂರನೇ ದಿನಕ್ಕೆ ಹುಡುಗನ ಕಡೆಯವರನ್ನು ಕರೆದೆ! ಆಮೇಲೆ ಶ್ರಾವಣ. ವರಮಹಾಲಕ್ಷ್ಮಿ ಹಬ್ಬ, ಅರಿಶಿನ ಕುಂಕುಮಕ್ಕೆ ಬಂದವರೆಲ್ಲ 'ಫಾರಿನ್ ಹೇಗಿತ್ತೇ?' ಅಂತ ಕೇಳೋದು, ಅವಳು ಕಾಫಿ ಲೋಟ ಹಿಡಿದುಕೊಂಡು ಅದೇ ಕಥೆ ಹೇಳೋದು. ಗೌರಿ ಗಣೇಶ. ತಂಗಿ ಮನೆ ಗೃಹಪ್ರವೇಶ. 'ಆರು ತಿಂಗಳು ಇರಲಿಲ್ಲ, ಒಂದು ದಿನ ಬಂದರೆ ಏನಾಗುತ್ತೆ?' ಅಂತ ನಾನೇ ಹೇಳ್ತಿದ್ದೆ. ಒಂದೊಂದು ದಿನ ಸೇರಿ ಸಲ್ಲಿಸೋ ಕೊನೇ ತಾರೀಖು ದಾಟಿಹೋಯ್ತು. ಕಾಲೇಜಿನವರು ನಿಯಮ ನಿಯಮವೇ ಅಂದರು. ಇನ್ನೊಂದು ಸೆಮಿಸ್ಟರಿನ ಫೀಸು ಕಟ್ಟಬೇಕಾಯ್ತು, ಪದವಿ ಕೈಗೆ ಬರೋದು ಮುಂದಕ್ಕೆ ಹೋಯ್ತು, ಕೆಲಸಕ್ಕೆ ಕರೆದಿದ್ದ ಒಂದು ಕಡೆಯವರು ಕಾಯಲಿಲ್ಲ. ಹೊರದೇಶದಲ್ಲಿ ಒಬ್ಬಳೇ ಇದ್ದಾಗ ಒಂದು ವಾರವೂ ಹಿಂದೆ ಬೀಳದ ಹುಡುಗಿ, ನನ್ನ ಮನೆಗೆ ಬಂದ ಮೇಲೆ ಹಿಂದೆ ಬಿದ್ದಳು. ಅವಳು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಆಮೇಲೆ ನಡುಮನೆಯ ಊಟದ ಮೇಜನ್ನೇ ಅವಳಿಗೆ ಬಿಟ್ಟೆವು. ಎರಡು ತಿಂಗಳು ನಾವು ತಟ್ಟೆ ತೊಡೆ ಮೇಲಿಟ್ಟುಕೊಂಡು ಉಂಡೆವು. ಬಂದ ನೆಂಟರಿಗೆ 'ಅವಳು ಮನೇಲಿಲ್ಲ' ಅಂತ ಯಜಮಾನರು ಬಾಗಿಲಲ್ಲೇ ಹೇಳಿ ಕಳಿಸ್ತಿದ್ದರು. ಭೂಮಿ ಬಳಸೋಕೂ ಓದಬೇಕಾ ಅಂದಿದ್ದವರು ಅವರೇ! ಒಂದು ರಾತ್ರಿ ನಮ್ಮ ಬಡಾವಣೆಯ ಹಳೇ ಚಿತ್ರ ತೆರೆದು ತೋರಿಸಿದ್ಲು. ನಮ್ಮನೆ ಹಿಂದಿನ ಮೋರಿ ಇದೆಯಲ್ಲ, ಬೇಸಿಗೆಯಲ್ಲಿ ವಾಸನೆ ಬರುತ್ತೆ ಅಂತ ನಾನು ಕಿಟಕಿ ಮುಚ್ಚಿಡೋದು, ಅದು ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಹರೀತಿದ್ದ ಕಾಲುವೆಯಂತೆ. ಮೇಲಿನ ಕೆರೆ ಈಗ ಆಟದ ಮೈದಾನ. 'ಹಾಗಾದ್ರೆ ನಮ್ಮನೆ?' ಅಂದೆ. 'ಕಾಲುವೆಗೆ ಬಿಡಬೇಕಾದ ಜಾಗದ ಅಂಚಿನಲ್ಲಿದೆ ಅಮ್ಮಾ' ಅಂದ್ಲು. ಅವಳ ಪ್ರಬಂಧದ ಕೊನೇ ಅಧ್ಯಾಯದಲ್ಲಿ ಆ ಮೋರಿಯೂ ಬಂತು, ನೈಮೇಗನ್‌ನ ಆ 50 ಮನೆಗಳ ಪಕ್ಕದಲ್ಲಿ.

ಮಗಳಾಗಲಿ, ಸೊಸೆಯಾಗಲಿ, ಹೊರಡೋ ದಿನ ಗೊತ್ತಾದ ತಕ್ಷಣ ಪಂಚಾಂಗ ತೆಗೆದು, ವಾಪಸ್ ಬರೋ ದಿನದಿಂದ ಎಂಟು ವಾರಕ್ಕೆ ಗೆರೆ ಎಳೆದು 'ಮನೆಯಲ್ಲಿ ಯಾವ ಕಾರ್ಯಕ್ರಮವೂ ಇಲ್ಲ' ಅಂತ ಬರೆದಿಡಿ. ಅದರಲ್ಲಿ ಆಷಾಢ ಸೇರಿದ್ದರೆ ನಿಮ್ಮ ಅದೃಷ್ಟ, ಆ ಒಂದು ತಿಂಗಳು ಯಾರೂ ಹುಡುಗನ ಮಾತೇ ಎತ್ತಲ್ಲ!